ಪುಟ್ಟಿಯ ತೂಕಕ್ಕೆ ಮಾಡಿಸಿದ ಗಾಡಿ

ಎದುರು ಮನೆಯ ಮೇಷ್ಟರು ಹೋದ ಭಾನುವಾರ ಮೊಮ್ಮಗನಿಗೆಂದು ಬೆಂಗಳೂರಿನಿಂದ ಒಂದು ತಳ್ಳುಗಾಡಿ ತರಿಸಿದರು. ಕಬ್ಬಿಣದ ಕೊಳವೆಯದು, ಕೂರಲು ನೀಲಿ ಬಟ್ಟೆ, ನಾಲ್ಕು ಪುಟ್ಟ ರಬ್ಬರ್ ಚಕ್ರ. ಬೇಡವಾದಾಗ ಮಡಚಿ ಬಾಗಿಲ ಹಿಂದೆ ಇಡಬಹುದಂತೆ. ಅದನ್ನು ಜಗಲಿಯ ಮೇಲೆ ನಿಲ್ಲಿಸಿಕೊಂಡು ನನ್ನನ್ನು ಕೂಗಿದರು. ನಮ್ಮ ಬೀದಿಯಲ್ಲಿ ಯಾರು ಏನು ಕೊಂಡರೂ ಒಂದು ಸಲ ನನ್ನ ಕೈಗೆ ಮುಟ್ಟಿಸುವುದು ವಾಡಿಕೆ. ನಾನು ಕೊಡಪಾನವನ್ನು ಬೆರಳಿನಿಂದ ಬಡಿದು ನೋಡುತ್ತೇನೆ, ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುತ್ತೇನೆ, ಛತ್ರಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತೇನೆ. ಜನ ಇದನ್ನೊಂದು ವಿದ್ಯೆ ಅಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದೊಂದು ಕಾಯಿಲೆ, ಔಷಧಿ ಇಲ್ಲದ್ದು, ಆದರೆ ಅದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಮೇಷ್ಟರ ಗಾಡಿಯ ಕೈಹಿಡಿ ಹಿಡಿದು ಎರಡು ಹೆಜ್ಜೆ ತಳ್ಳಿದೆ. ಚೆನ್ನಾಗಿದೆ ಎಂದು ಹೇಳಿ ತಿರುಗಿ ಬಂದುಬಿಟ್ಟೆ. ಚಕ್ರವನ್ನೂ ತಿರುಗಿಸಿ ನೋಡಲಿಲ್ಲವಲ್ಲ ಎಂದು ಅವರಿಗೆ ಬಹಳ ಆಶ್ಚರ್ಯವಾಗಿರಬೇಕು. ಮೈ ಸರಿಯಿಲ್ಲವೇ ಎಂದು ಸಂಜೆ ವಿಚಾರಿಸಿಕೊಂಡು ಬಂದರು. ಮೈ ಸರಿಯಾಗಿಯೇ ಇತ್ತು. ಮಕ್ಕಳ ಗಾಡಿ ಕಂಡರೆ ನಾನು ಮುಖ ತಿರುಗಿಸಿಕೊಂಡುಬಿಡುತ್ತೇನೆ, ಹತ್ತೊಂಬತ್ತು ವರ್ಷದಿಂದ ಹೀಗೇ. ನಿಮಗೆ ಪುರಸೊತ್ತಿದ್ದರೆ ಕೇಳಿ, ಹೇಳುತ್ತೇನೆ. ಸ್ವಲ್ಪ ಸುತ್ತು ಬಳಸಿಯೇ ಹೇಳುತ್ತೇನೆ, ಬೈದುಕೊಳ್ಳಬೇಡಿ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಆಗಲೂ ನಾವು ಇದೇ ನಜರ್‌ಬಾದಿನಲ್ಲಿದ್ದೆವು, ಈಗಿನದಕ್ಕಿಂತ ಚಿಕ್ಕ ಬಾಡಿಗೆ ಮನೆ. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ನನ್ನ ಹೆಂಡತಿ ಜಯ, ನಮ್ಮವ್ವ, ಎರಡು ವರ್ಷದ ಮಗಳು. ಮಗಳ ಹೆಸರು ಸರೋಜ, ಕರೆಯುತ್ತಿದ್ದದ್ದು ಪುಟ್ಟಿ. ಈ ಪುಟ್ಟಿ ಮನೆಯೊಳಗೆ ಗಿರಗಿರನೆ ಓಡಾಡುವಳು, ಹೊಸ್ತಿಲು ದಾಟಿದಳೋ ಇಲ್ಲವೋ ಕಾಲು ಸೋತವರಂತೆ ನಿಂತುಬಿಡುವಳು. ಅಮ್ಮ ಎತ್ತಿಕೊಂಡರೇ ಮುಂದಿನ ಪ್ರಯಾಣ. ನಾನು ಎತ್ತಿಕೊಳ್ಳಲು ಹೋದರೆ ಬೀದಿಯವರೆಲ್ಲ ಹೊರಗೆ ಬಂದು ನೋಡುವಂತೆ ಕಿರುಚುತ್ತಿದ್ದಳು.

ಜಯಳಿಗೆ ಎತ್ತಿಕೊಳ್ಳಬೇಕೆಂಬ ಆಸೆಗೇನೂ ಕಡಿಮೆಯಿರಲಿಲ್ಲ, ಸೊಂಟ ಕೇಳುತ್ತಿರಲಿಲ್ಲ. ಪುಟ್ಟಿ ಆರು ತಿಂಗಳ ಕೂಸಾಗಿದ್ದಾಗ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದವಳು ಒಂದು ತಿಂಗಳು ಹಾಸಿಗೆ ಹಿಡಿದಿದ್ದಳು. ಈಗ ಮತ್ತೆ ಐದು ತಿಂಗಳ ಬಸುರಿ. ಆಸ್ಪತ್ರೆಯ ಲೇಡಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ದೊಡ್ಡ ಮಗುವನ್ನು ಕಂಕುಳಲ್ಲಿ ಎತ್ತುವುದು ಇವತ್ತಿಗೆ ನಿಲ್ಲಬೇಕು, ಇಲ್ಲದಿದ್ದರೆ ಈಕೆ ಖಾಯಂ ಹಾಸಿಗೆ ಹಿಡಿಯುತ್ತಾರೆ ಎಂದರು. ನೀರಿಗೆ, ತರಕಾರಿಗೆ, ಔಷಧಿಗೆ, ಎಲ್ಲಕ್ಕೂ ಹೊರಗೆ ಹೋಗಬೇಕಾದವಳು ಅವಳೇ. ನಾನು ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು. ನಮ್ಮವ್ವನಿಗೆ ಮಂಡಿನೋವು.

ನಮ್ಮ ಕಡೆ ಒಂದು ರೂಢಿಯಿದೆ, ನಿಮ್ಮಲ್ಲೂ ಇರಬಹುದು. ಎರಡನೆಯದು ಹುಟ್ಟುವ ಹೊತ್ತಿಗೆ ಮೊದಲನೆಯದನ್ನು ಅಜ್ಜಿಯ ಮನೆಗೋ ದೊಡ್ಡವ್ವನ ಮನೆಗೋ ಕಳಿಸುವುದು. ಆರು ತಿಂಗಳ ಮಟ್ಟಿಗೆ ಎನ್ನುತ್ತಾರೆ. ಹಾಗೆ ಆರು ತಿಂಗಳಿಗೆಂದು ಹೋಗಿ ಮದುವೆಯಾಗುವವರೆಗೂ ಅಲ್ಲೇ ಉಳಿದವರು ನಮ್ಮ ನೆಂಟರಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಅಲ್ಲೂ ಅನ್ನ, ಇಲ್ಲೂ ಅನ್ನ, ಎಲ್ಲರೂ ನಮ್ಮವರೇ ಎನ್ನುತ್ತಾರೆ. ಜಯಳಿಗೆ ತಾಯಿ ಇರಲಿಲ್ಲ. ಆದ್ದರಿಂದ ನಮ್ಮವ್ವನ ಕಣ್ಣು ಹುಣಸೂರಿನ ಕಡೆ ಹೋಯಿತು. ಅಲ್ಲಿ ನಮ್ಮಣ್ಣ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಅವನಿಗೂ ನಮ್ಮತ್ತಿಗೆಗೂ ಮಕ್ಕಳಾಗಿರಲಿಲ್ಲ.

ಜಯ ಅತ್ತೆಗೆ ಎದುರು ಮಾತಾಡಿದವಳಲ್ಲ. ನಮ್ಮವ್ವ ಪುಟ್ಟಿಯನ್ನು ಅಲ್ಲಿಗೆ ಕಳಿಸುವ ಮಾತೆತ್ತಿದ ದಿನವೂ ಆಡಲಿಲ್ಲ. ನಾನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಹಿಂದೆಯೇ ಬಂದಳು. ಬಂಗಲೆಯ ಆಯಾ ಒಬ್ಬಳು ಒಂದೇ ಗಾಡಿಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ತಳ್ಳಿಕೊಂಡು ಹೋಗುವುದನ್ನು ಅವಳು ನೋಡಿದ್ದಳು.

“ಅಂಥದ್ದೊಂದು ಗಾಡಿ ತಂದ್ಕೊಡಿ ಕಣ್ರೀ,” ಎಂದಳು. “ಎತ್ತೋ ಕೆಲಸ ತಪ್ಪಿದ್ರೆ ಇಬ್ಬರನ್ನೂ ನಾನೇ ಸಾಕ್ತೀನಿ. ಪುಟ್ಟೀನ ಮಾತ್ರ ಕಳಿಸ್ಬೇಡಿ. ಹೋದ ಮಗು ಬರಲ್ಲ, ನನಗ್ಗೊತ್ತು.”

ನಮ್ಮವ್ವ ಕಲ್ಲು ಮನಸ್ಸಿನವಳೇನಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಎಲೆಯಡಿಕೆ ಹಾಕಿಕೊಂಡು, “ಆಯ್ತು ಬುಡು. ಗಾಡಿ ಬಂದ್ರೆ ಮಗು ಇರ್ಲಿ, ಬರ್ದಿದ್ರೆ ಹೋಗ್ಲಿ,” ಎಂದಳು. ಹೀಗೆ ನನ್ನ ಮಗಳು ಮನೆಯಲ್ಲಿ ಉಳಿಯುವುದು ಬಿಡುವುದು ಒಂದು ಗಾಡಿಯ ಮೇಲೆ ನಿಂತಿತು, ಆ ಗಾಡಿಯನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಛತ್ರಿ ಆರಿಸಲು ಎರಡು ಮಳೆಗಾಲ ತೆಗೆದುಕೊಂಡವನಿಗೆ!

ಮೊದಲು ಸಿಕ್ಕಿದ್ದು ನಿಜವಾಗಿಯೂ ಒಳ್ಳೆಯ ಗಾಡಿ. ನಮ್ಮ ಮನೆಗೆ ನಾಲ್ಕು ಬೀದಿ ಆಚೆ ಒಂದು ಬಂಗಲೆಯಲ್ಲಿದ್ದ ಇಂಗ್ಲಿಷಿನವರು ಊರಿಗೆ ಹೊರಟಿದ್ದರು, ಸಾಮಾನೆಲ್ಲ ಮಾರುತ್ತಿದ್ದರು. ಹಂಸದ ಕತ್ತಿನಂಥ ಸ್ಪ್ರಿಂಗು, ದೊಡ್ಡ ಚಕ್ರ, ಮೇಲೆ ಕಪ್ಪು ಮುಚ್ಚಿಗೆ. ಕೂಸು ಉದ್ದಕ್ಕೆ ಮಲಗಬಹುದು, ಕಾಲ ಬಳಿ ಅಡ್ಡಹಲಗೆ ಹಾಕಿ ದೊಡ್ಡ ಮಗುವನ್ನು ಕೂರಿಸಬಹುದು. ಬಟ್ಲರ್ ಅದನ್ನು ಅಂಗಳದಲ್ಲಿ ತಳ್ಳಿ ತೋರಿಸಿದ, ಸದ್ದೇ ಇಲ್ಲ. ನಾನು ಸ್ಪ್ರಿಂಗನ್ನು ಅದುಮಿ ನೋಡಿದೆ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿದೆ, ಕೊನೆಗೆ ಮುಚ್ಚಿಗೆಯ ಮಡಿಕೆಯಲ್ಲಿ ಕಿರುಬೆರಳಷ್ಟು ಹರುಕು ಕಂಡುಹಿಡಿದೆ. ಯೋಚನೆ ಮಾಡಿ ಭಾನುವಾರ ಬರುತ್ತೇನೆ ಎಂದು ಹೇಳಿ ಬಂದೆ. ಭಾನುವಾರದ ಹೊತ್ತಿಗೆ ಒಬ್ಬ ಫೋಟೋ ಸ್ಟುಡಿಯೋದವನು ಅದನ್ನು ಹೊಡೆದುಕೊಂಡು ಹೋಗಿದ್ದ. ಆಮೇಲೆ ಎಷ್ಟೋ ವರ್ಷ ಮೈಸೂರಿನ ಅರ್ಧ ಮಕ್ಕಳು ಆ ಗಾಡಿಯಲ್ಲಿ ಕೂತು ಫೋಟೋ ತೆಗೆಸಿಕೊಂಡವು. ಯಾರದಾದರೂ ಮನೆಗೆ ಹೋದಾಗ ಗೋಡೆಯ ಮೇಲೆ ಅದು ಕಂಡರೆ ಜಯ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದಳು.

ಎರಡನೆಯದು ಮೇದರ ಬೀದಿಯದು. ಬಿದಿರಿನ ಬುಟ್ಟಿಗೆ ಮರದ ಚಕ್ರ ಹಾಕಿ ನಾಳೆಯೇ ಕೊಡುತ್ತೇವೆ ಎಂದರು. ಹಗುರ, ಎತ್ತಿ ಒಳಗಿಡಲು ಸುಲಭ. ಆದರೆ ಎರಡು ಬುಟ್ಟಿ ಅಕ್ಕಪಕ್ಕ ಕಟ್ಟಿದರೆ ನಮ್ಮ ಬಾಗಿಲಲ್ಲಿ ಹಿಡಿಸುವುದಿಲ್ಲ. ನಾನು ಹಿಂದಿನ ದಿನವೇ ಬಾಗಿಲನ್ನು ದಾರದಲ್ಲಿ ಅಳೆದು ಗಂಟು ಹಾಕಿಕೊಂಡು ಹೋಗಿದ್ದೆ. ಒಂದರ ಹಿಂದೆ ಒಂದು ಕಟ್ಟಿದರೆ ಸಂದಿಯ ತಿರುವಿನಲ್ಲಿ ತಿರುಗುವುದಿಲ್ಲ. ಪುಟ್ಟಿ ಬಿದಿರಿನ ಸೀಳಿಗೆ ಬೆರಳು ತೂರಿಸಿಕೊಂಡರೆ ಎಂಬ ಭಯ ಬೇರೆ. ಮೇದರ ಹೆಂಗಸು ನನ್ನ ದಾರವನ್ನೂ ಗಂಟನ್ನೂ ನೋಡಿ, ಸ್ವಾಮಿಯವರು ಮಕ್ಕಳಿಗೆ ಗಾಡಿ ಮಾಡಿಸುತ್ತಾರೋ ಆನೆಗೆ ಅಂಬಾರಿ ಮಾಡಿಸುತ್ತಾರೋ ಎಂದು ಗಂಡನನ್ನು ಕೇಳಿದಳು.

ಕೊನೆಗೆ ಹೋದದ್ದು ಮಂಡಿ ಮೊಹಲ್ಲಾಕ್ಕೆ, ಗಫೂರ್ ಸಾಬರ ಹತ್ತಿರ. ಅವರು ಜಟಕಾ ಗಾಡಿ ಕಟ್ಟುವವರು. ಬೆಲ್ಲದ ಮಂಡಿಗಳ ನಡುವೆ ಒಂದು ಓಣಿ, ಓಣಿಯ ಕೊನೆಗೆ ಅವರ ಕಾರ್ಖಾನೆ. ತೇಗದ ಹೊಟ್ಟು, ವಾರ್ನಿಷ್ ವಾಸನೆ. ಗಡ್ಡದ ತುಂಬ ಮರದ ಪುಡಿ ಅಂಟಿಸಿಕೊಂಡು ಕೂತಿದ್ದ ಅವರು ನಾನು ಕಚೇರಿಯ ಕಾಗದದ ಮೇಲೆ ಬರೆದುಕೊಂಡು ಹೋಗಿದ್ದ ಮೂರು ನಕ್ಷೆಗಳನ್ನೂ ತಾಳ್ಮೆಯಿಂದ ನೋಡಿದರು. ಮಕ್ಕಳು ಎದುರುಬದುರು, ಮಕ್ಕಳು ಬೆನ್ನಿಗೆ ಬೆನ್ನು, ಮಕ್ಕಳು ಹಿಂದುಮುಂದು. ಮೂರನ್ನೂ ಮಡಚಿ ನನ್ನ ಜೇಬಿಗೇ ಹಾಕಿ, ತಳ್ಳುವವರು ಯಾರು, ಅವರು ಏನು ಹೇಳುತ್ತಾರೆ ಎಂದು ಕೇಳಿದರು. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಮನೆಗೆ ಬಂದು ಕೇಳಿದೆ. ಜಯ ಒಂದು ಕ್ಷಣವೂ ಯೋಚಿಸದೆ, ಕೂಸು ಮುಂದೆ ಮಲಗಲಿ, ಪುಟ್ಟಿ ಹಿಂದೆ ನನ್ನ ಕೈಗೆ ಸಿಗುವ ಹಾಗೆ ನನ್ನ ಕಡೆ ಮುಖ ಮಾಡಿಕೊಂಡು ಕೂರಲಿ ಎಂದಳು. ತಾನು ಎತ್ತಿಕೊಳ್ಳದಿದ್ದರೂ ತನ್ನ ಮುಖ ಕಾಣುತ್ತಿದ್ದರೆ ಅವಳು ಅಳುವುದಿಲ್ಲ ಎಂದು ಅವಳ ಲೆಕ್ಕ.

ಸಾಬರಿಗೆ ಈ ಮಾತು ಹಿಡಿಸಿತು. ಜಟಕಾದ ಹಾಗೆ ಎರಡೇ ಚಕ್ರ ಸಾಕು, ಸಂದಿಯಲ್ಲಿ ತಿರುಗುತ್ತದೆ, ಹೊಸ್ತಿಲು ಹತ್ತುತ್ತದೆ, ಆದರೆ ಎರಡು ಚಕ್ರ ಸೇರಿಸುವ ಅಚ್ಚು ಎಲ್ಲಿ ಕೂರಬೇಕೆಂಬುದು ದೊಡ್ಡ ಮಗುವಿನ ತೂಕ ನೋಡಿ ಹೇಳಬೇಕು ಎಂದರು. ಮುಂದಿನ ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಹೋದೆ, ಜಯಳೂ ಬಂದಿದ್ದಳು. ಪಕ್ಕದ ಬೆಲ್ಲದ ಮಂಡಿಯ ತಕ್ಕಡಿಯಲ್ಲಿ ಒಂದು ಕಡೆ ಪುಟ್ಟಿ, ಇನ್ನೊಂದು ಕಡೆ ಬೆಲ್ಲದ ಉಂಡೆಗಳು. ಮಂಡಿಯವರೆಲ್ಲ ಸುತ್ತ ನಿಂತು ನಗುತ್ತಿದ್ದರು. ಪುಟ್ಟಿ ತಕ್ಕಡಿಯ ಸರಪಳಿ ಹಿಡಿದುಕೊಂಡು ಮೇಲೆ ಕೆಳಗೆ ಹೋಗುವಾಗಲೆಲ್ಲ ಕೇಕೆ ಹಾಕಿದಳು, ಇಳಿಸಿದಾಗ ಇನ್ನೊಂದು ಸಲ ಎಂದಳು. ಸಾಬರು ಅಷ್ಟು ಬೆಲ್ಲವನ್ನು ಒಂದು ಗೋಣಿಯಲ್ಲಿ ಕಟ್ಟಿಸಿಕೊಂಡು ಹೋಗಿ ಅದನ್ನೇ ಹಿಂದಿನ ಮಣೆಯ ಮೇಲಿಟ್ಟು ಅಚ್ಚು ಕೂರಿಸಿದರು. ಆ ದಿನ ವಾಪಸು ಬರುವಾಗ ಜಯ ಇಡೀ ದಾರಿ ಮಾತಾಡುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳು ಮಾತಾಡಿದ್ದನ್ನು ನಾನು ಆಮೇಲೆ ಕೇಳಿಲ್ಲ.

ಗಾಡಿ ಹೆರಿಗೆಗೆ ಮುಂಚೆಯೇ ಮುಕ್ಕಾಲು ಸಿದ್ಧವಾಗಿತ್ತು. ಆದರೆ ಹುಟ್ಟದೆ ಇರುವ ಮಗುವಿಗೆ ಒಂದು ದಾರವನ್ನೂ ಮನೆಗೆ ತರಬಾರದು, ಖಾಲಿ ತೊಟ್ಟಿಲು ಮನೆಯಲ್ಲಿ ಇರಬಾರದು ಎಂದು ನಮ್ಮವ್ವನ ಕಟ್ಟಪ್ಪಣೆ. ಅದು ಎಲ್ಲರ ಮನೆಯಲ್ಲೂ ಇರುವುದೇ, ನಾನೂ ಒಪ್ಪಿದೆ. ಜ್ಯೇಷ್ಠದಲ್ಲಿ ಗಂಡುಮಗು ಹುಟ್ಟಿತು. ಹನ್ನೊಂದು ದಿನದ ಪುರುಡು ಕಳೆಯಿತು. ಮರುದಿನವೇ ಗಫೂರ್ ಸಾಬರು ಹೇಳಿಕಳಿಸಿದರು: ಗಾಡಿ ಸಿದ್ಧ, ತೆಗೆದುಕೊಂಡು ಹೋಗಿ. ಅಮಾವಾಸ್ಯೆಗೆ ಇನ್ನೂ ಐದು ದಿನವಿತ್ತು. ಅಮಾವಾಸ್ಯೆ ಕಳೆದರೆ ಆಷಾಢ. ಆಷಾಢದಲ್ಲಿ ನಮ್ಮ ಮನೆಗೆ ಹೊಸ ಸಾಮಾನು ಬರುವಂತಿಲ್ಲ.

ಕಚೇರಿಯಿಂದ ನೇರ ಮಂಡಿ ಮೊಹಲ್ಲಾಕ್ಕೆ ಹೋದೆ. ಗಾಡಿ ಓಣಿಯಲ್ಲಿ ನಿಂತಿತ್ತು. ಎಷ್ಟು ಚೆನ್ನಾಗಿತ್ತು ಎಂದರೆ, ಹೇಳುವುದು ಬೇಡ. ಮಕ್ಕಳ ಕೈ ತಾಗುವ ಅಂಚನ್ನೆಲ್ಲ ಉಜ್ಜಿ ಉರುಟು ಮಾಡಿದ್ದರು. ಕೂಸಿನ ಭಾಗಕ್ಕೆ ಸುತ್ತ ಕಟಕಟೆ, ಪುಟ್ಟಿಯ ಮಣೆಗೆ ಹಿಡಿದುಕೊಳ್ಳಲು ಒಂದು ಅಡ್ಡಕೋಲು. ನಾನು ಬಗ್ಗಿ ನೋಡಿದೆ. ಪುಟ್ಟಿಯ ಮಣೆಯ ಒಳಮಗ್ಗುಲಲ್ಲಿ ಅಂಗೈಯಗಲ ವಾರ್ನಿಷ್ ಮಂಕಾಗಿತ್ತು. ಕೂತರೆ ಕಾಣದ ಜಾಗ. ಇನ್ನೊಂದು ಕೈ ಹೊಡೆಯಿರಿ ಎಂದೆ.

“ಬೇಡ ಸ್ವಾಮಿ, ಮಳೆ ಹಿಡ್ಕೊಂಡದೆ, ಒಣಗಾಕಿಲ್ಲ,” ಎಂದರು ಸಾಬರು. “ಮಗು ಏನು ಅದರಲ್ಲಿ ಮುಖ ನೋಡ್ಕೊತದಾ? ತಳ್ಕೊಂಡು ಹೋಗ್ಬುಡಿ.”

ನಾನು ಒಪ್ಪಲಿಲ್ಲ. ನನ್ನ ಸ್ವಭಾವ ಹಾಗೆ ಎಂದು ಈಗ ನಗುನಗುತ್ತ ಹೇಳಿಬಿಡಬಹುದು, ಆದರೆ ಅವತ್ತು ನನ್ನ ತಲೆಯಲ್ಲಿ ಮಗಳೂ ಇರಲಿಲ್ಲ, ಹೆಂಡತಿಯ ಸೊಂಟವೂ ಇರಲಿಲ್ಲ, ಆ ಮಂಕು ಜಾಗ ಒಂದೇ ಇತ್ತು. ಸಾಬರು ತಲೆ ಕೊಡವಿ ಇನ್ನೊಂದು ಕೈ ಹೊಡೆದರು. ಜಿಟಿಜಿಟಿ ಮಳೆ ನಾಲ್ಕು ದಿನ ಬಿಡಲಿಲ್ಲ. ದಿನಾ ಸಂಜೆ ಹೋಗಿ ಬೆರಳಿಟ್ಟು ನೋಡುತ್ತಿದ್ದೆ, ಬೆರಳು ಅಂಟುತ್ತಿತ್ತು. ಅಮಾವಾಸ್ಯೆಯ ದಿನವೂ ಅಂಟಿತು.

ಆ ಐದು ದಿನದಲ್ಲಿ ಮನೆಯಲ್ಲಿ ಏನಾಯಿತೆಂದರೆ, ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು ಪುಟ್ಟಿ ಒಂದೇ ಸಮನೆ ಅತ್ತಳು, ಜಯ ತಡೆಯಲಾರದೆ ಎದ್ದು ಬಂದು ಎತ್ತಿಕೊಂಡಳು, ಎತ್ತಿಕೊಂಡವಳು ಇಳಿಸಲಾಗದೆ ಅಲ್ಲೇ ಗೋಡೆಗೆ ಒರಗಿ ಕುಸಿದಳು. ಮೂರು ದಿನ ಮಗ್ಗುಲು ತಿರುಗಿಸಲೂ ಆಗಲಿಲ್ಲ. ಗಾಡಿ ಎಲ್ಲಿ ಎಂದು ಕೇಳಿದಳು. ಬಡಗಿ ಇನ್ನೂ ಕೊಟ್ಟಿಲ್ಲ ಎಂದೆ. ಬಾಯಿಗೆ ತಾನಾಗಿಯೇ ಬಂತು. ಅದೇ ಹೊತ್ತಿಗೆ ನಮ್ಮಣ್ಣ ಕೂಸು ನೋಡಲು ಹುಣಸೂರಿನಿಂದ ಬಂದ. ನಮ್ಮವ್ವ ಅವನ ಹತ್ತಿರ ಎಲ್ಲ ಹೇಳಿದಳು. ಗಾಡಿ ಬರಲಿಲ್ಲವಲ್ಲಪ್ಪ, ಇನ್ನು ಆಷಾಢ ಕಳೆಯುವ ತನಕ ಆ ಮಾತಿಲ್ಲ, ಶ್ರಾವಣಕ್ಕೆ ಕರೆದುಕೊಂಡು ಬಂದರಾಯಿತು ಎಂದಳು. ನಾನು ಹಠ ಮಾಡಬಹುದಿತ್ತು. ಗಾಡಿ ಸಿದ್ಧವಿದೆ, ಆಷಾಢವಾದರೇನು, ಈಗಲೇ ತರುತ್ತೇನೆ ಎನ್ನಬಹುದಿತ್ತು. ಹಾಗೆಂದರೆ ಸಿದ್ಧವಾಗಿ ಎಷ್ಟು ದಿನವಾಯಿತು ಎಂದು ಜಯ ಕೇಳುತ್ತಿದ್ದಳು.

ಪುಟ್ಟಿಗೆ ಬಸ್ಸಿನಲ್ಲಿ ಹೋಗುವುದು ಎಂದರೆ ಖುಷಿ. ದೊಡ್ಡಪ್ಪನ ಹೆಗಲ ಮೇಲೆ ಕೂತು ಅವನ ಪೇಟ ಹಿಡಿದುಕೊಂಡು ಟಾಟಾ ಮಾಡಿದಳು. ಜಯ ಬಾಣಂತಿ, ಹೊಸ್ತಿಲು ದಾಟುವಂತಿರಲಿಲ್ಲ. ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು.

ಶ್ರಾವಣದ ಮೊದಲ ದಿನ ಗಾಡಿ ಮನೆಗೆ ಬಂತು. ಜಯ ಹಳೆ ಸೀರೆ ಹೊಲಿದು ಪುಟ್ಟಿಯ ಮಣೆಗೊಂದು ಮೆತ್ತೆ ಮಾಡಿಟ್ಟಿದ್ದಳು. ಮರುದಿನ ನಾನು ಹುಣಸೂರಿಗೆ ಹೋದೆ. ಪುಟ್ಟಿ ಹೊಸ ಲಂಗ ಹಾಕಿಕೊಂಡು ಅಂಗಳದಲ್ಲಿ ಆಡುತ್ತಿದ್ದಳು, ನನ್ನನ್ನು ಕಂಡು ಓಡಿಹೋಗಿ ಅತ್ತಿಗೆಯ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಳು. ಅತ್ತಿಗೆ ಕೆಟ್ಟವರಲ್ಲ. ಕರೆದುಕೊಂಡು ಹೋಗಬೇಡ ಎಂದು ಅವರು ಒಂದು ಮಾತೂ ಆಡಲಿಲ್ಲ. ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಟ್ಟರು. ನಾನು ಎತ್ತಿಕೊಂಡ ತಕ್ಷಣ ಪುಟ್ಟಿ ಉಸಿರುಕಟ್ಟುವ ಹಾಗೆ ಅತ್ತಳು. ನಮ್ಮಣ್ಣ, ಅಳುವ ಮಗುವನ್ನು ಎಳೆದುಕೊಂಡು ಹೋಗಬೇಕಾ, ಗೌರಿಹಬ್ಬಕ್ಕೆ ನಾನೇ ಕರೆದುಕೊಂಡು ಬರುತ್ತೇನೆ ಎಂದ. ಸರಿ ಎಂದೆ. ಅಷ್ಟೇ ಅಲ್ಲ, ಅಳುವ ಮಗುವನ್ನು ಹಿಡಿದುಕೊಂಡು ಎರಡು ಗಂಟೆ ಬಸ್ಸಿನಲ್ಲಿ ಕೂರುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಗುರವೂ ಆಯಿತು. ಇದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನು ಮಾಡಲಿ.

ಸಂಜೆ ನಮ್ಮ ಬೀದಿಗೆ ತಿರುಗಿದರೆ ಜಯ ಗಾಡಿಯನ್ನು ಮೂಲೆಯ ತನಕ ತಳ್ಳಿಕೊಂಡು ಬಂದು ಕಾಯುತ್ತಿದ್ದಳು. ಮುಂದೆ ಕೂಸು ಮಲಗಿತ್ತು. ಹಿಂದಿನ ಮಣೆಯ ಮೇಲೆ ಮೆತ್ತೆ, ಮೆತ್ತೆಯ ಮೇಲೆ ಒಂದು ಬಾಳೆಹಣ್ಣು. ನಾನು ಒಬ್ಬನೇ ಬರುತ್ತಿರುವುದು ದೂರದಿಂದಲೇ ಕಂಡಿರಬೇಕು. ಹತ್ತಿರ ಬಂದಾಗ ನಾನು ಗಾಬರಿಯಲ್ಲಿ ಗಾಡಿ ಹೇಗೆ ಹೋಗುತ್ತದೆ ಎಂದು ಕೇಳಿದೆ, ನೋಡಿ ನನ್ನ ಬುದ್ಧಿ.

“ಗಾಡಿ ಚೆನ್ನಾಗದೆ,” ಎಂದಳು. “ಮಗು ಎಲ್ಲಿ?”

ಚೆನ್ನಾಗೂ ಇರಲಿಲ್ಲ. ಸಾಬರು ಅಚ್ಚು ಕೂರಿಸಿದ್ದು ಪುಟ್ಟಿಯ ತೂಕಕ್ಕೆ. ಹಿಂದೆ ಅವಳಿಲ್ಲದೆ ಗಾಡಿ ಮುಂದಕ್ಕೆ ಮುಗ್ಗರಿಸುತ್ತಿತ್ತು. ಕೈಹಿಡಿಯನ್ನು ಬಲವಾಗಿ ಅದುಮಿಕೊಂಡೇ ತಳ್ಳಬೇಕು, ಅದು ಅವಳ ಸೊಂಟಕ್ಕೆ ಆಗದು. ಅಚ್ಚು ಸರಿಸಿಕೊಡಿ ಎಂದು ಸಾಬರಿಗೆ ಹೇಳೋಣವೆಂದರೆ ಜಯ ಒಪ್ಪಲಿಲ್ಲ. ಗೌರಿಹಬ್ಬಕ್ಕೆ ಪುಟ್ಟಿ ಬಂದುಬಿಡುತ್ತಾಳೆ, ಆಮೇಲೆ ಯಾರು ಮತ್ತೆ ಸರಿಸುತ್ತಾರೆ ಎಂದಳು. ಮರುದಿನ ಅವಳೇ ಒರಳಿನ ಗುಂಡುಕಲ್ಲನ್ನು ಉರುಳಿಸಿಕೊಂಡು ಬಂದು ನನ್ನ ಕೈಯಲ್ಲಿ ಎತ್ತಿಸಿ ಪುಟ್ಟಿಯ ಮಣೆಯ ಮೇಲೆ ಇಡಿಸಿದಳು. ಗಾಡಿ ನೆಟ್ಟಗೆ ನಿಂತಿತು. ಕಲ್ಲು ಹೊರಳದಿರಲೆಂದು ಒಂದು ಟವಲು ಸುತ್ತಿ ಅಡ್ಡಕೋಲಿಗೆ ಕಟ್ಟಿದಳು. ಹಾಗೆಯೇ ಮುಂದೆ ಮಗ, ಹಿಂದೆ ಕಲ್ಲು ಇಟ್ಟುಕೊಂಡು ನಲ್ಲಿಗೂ ಮಾರ್ಕೆಟ್ಟಿಗೂ ಹೋಗಿ ಬರುತ್ತಿದ್ದಳು. ಬೀದಿಯವರು ಮೊದಮೊದಲು ನಕ್ಕರು. ಆಮೇಲೆ ನಗುವುದು ಬಿಟ್ಟರು. ಮಾರ್ಕೆಟ್ಟಿನ ಹೂವಿನವಳೊಬ್ಬಳು ಮಾತ್ರ ಟವಲು ಕಂಡು ಅದು ಮಲಗಿರುವ ಮಗುವೆಂದುಕೊಂಡು, ಬಿಸಿಲು ಬೀಳುತ್ತಿದೆ ಮುಖ ಮುಚ್ಚವ್ವ ಎಂದಿದ್ದಳಂತೆ.

ಗೌರಿಹಬ್ಬಕ್ಕೆ ಪುಟ್ಟಿ ಬಂದಳು, ಅಣ್ಣ ಅತ್ತಿಗೆಯ ಜೊತೆ. ಜಯ ನನ್ನ ಕೈಯಲ್ಲಿ ಕಲ್ಲು ತೆಗೆಸಿ ಅವಳನ್ನು ಕೂರಿಸಿಕೊಂಡು ಬೀದಿಯ ಕೊನೆಯ ತನಕ ತಳ್ಳಿಕೊಂಡು ಹೋದಳು. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಅರ್ಧ ದಾರಿಯಲ್ಲಿ ಪುಟ್ಟಿ ಅಳಲು ಶುರು ಮಾಡಿದಳು. ಅವ್ವ ಬೇಕು, ಅವ್ವ ಬೇಕು ಎಂದು. ನಿನ್ನ ಎದುರಿಗೇ ಇದ್ದೀನಲ್ಲ ಕಂದ ಎಂದು ಜಯ ಹೇಳುತ್ತಲೇ ಇದ್ದಳಂತೆ. ಮನೆಗೆ ಬಂದ ಮೇಲೆ ಪುಟ್ಟಿ ಓಡಿಹೋಗಿ ಅತ್ತಿಗೆಯ ತೊಡೆಯ ಮೇಲೆ ಕೂತಳು. ಜಯ ಗಾಡಿಯನ್ನು ಹಿತ್ತಿಲಿಗೆ ತಳ್ಳಿ ಬಂದು ಎಲ್ಲರಿಗೂ ಎಲೆ ಹಾಕಿದಳು.

ಆಮೇಲೆ ದೀಪಾವಳಿಗೆ ಎಂದರು, ಸಂಕ್ರಾಂತಿಗೆ ಎಂದರು. ಸ್ಕೂಲಿಗೆ ಸೇರಿಸುವ ಹೊತ್ತಿಗೆ ಕಳಿಸಿಬಿಡುತ್ತೇವೆ ಎಂದರು. ಸ್ಕೂಲಿಗೆ ಹುಣಸೂರಿನಲ್ಲೇ ಸೇರಿಸಿದರು, ತಂದೆಯ ಹೆಸರಿನ ಜಾಗದಲ್ಲಿ ಅಣ್ಣ ತನ್ನ ಹೆಸರು ಬರೆಸಿದ. ನನ್ನನ್ನು ಕೇಳಿಯೇ ಬರೆಸಿದ. ನಿನಗೆ ಒಬ್ಬನಿದ್ದಾನಲ್ಲೋ ಎಂದ. ನಾನು ಉತ್ತರ ಕೊಡಲಿಲ್ಲ, ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡರು. ನಾನು ಪುಟ್ಟಿಗೆ ಚಿಕ್ಕಪ್ಪನಾದೆ, ಜಯ ಚಿಕ್ಕವ್ವನಾದಳು. ನಿಜ ಏನೆಂದು ಪುಟ್ಟಿಗೆ ಗೊತ್ತು, ಯಾರೂ ಮುಚ್ಚಿಡಲಿಲ್ಲ, ನಮ್ಮಲ್ಲಿ ಇದು ಮುಚ್ಚಿಡುವ ವಿಷಯವೇ ಅಲ್ಲ. ಮದುವೆಯನ್ನು ಅಣ್ಣನೇ ಜೋರಾಗಿ ಮಾಡಿದ, ಅವನೂ ಅತ್ತಿಗೆಯೂ ಧಾರೆಯೆರೆದರು. ನಾವು ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದೆವು.

ಇಷ್ಟು ವರ್ಷವೂ ಜಯ ಬೈದದ್ದು ಗಫೂರ್ ಸಾಬರನ್ನು. ಅವಳು ಯಾರನ್ನೂ ಬೈಯುವವಳಲ್ಲ, ಅವರನ್ನು ಮಾತ್ರ ಬೈಯುತ್ತಿದ್ದಳು. ಆ ಬಡಗಿ ಒಂದು ವಾರ ಮುಂಚೆ ಕೊಟ್ಟಿದ್ದರೆ ಎಂದು ಶುರುವಾಗುತ್ತಿತ್ತು. ಅವರು ತೀರಿಕೊಂಡ ಸುದ್ದಿ ಬಂದ ದಿನವೂ, ಸತ್ತವರನ್ನು ಅನ್ನಬಾರದು, ಆದರೂ ನನ್ನ ಹೊಟ್ಟೆ ಉರಿಸಿದ ಮನುಷ್ಯ ಎಂದಳು. ನಾನು ಪೇಪರು ಓದುತ್ತ ಕೂತಿದ್ದೆ. ಹಾಳೆ ತಿರುಗಿಸಿದೆ.

ಮೊನ್ನೆ ಬುಧವಾರ ಸರೋಜ ಬಂದಿದ್ದಳು. ಈಗ ಪುಟ್ಟಿ ಎಂದು ಕರೆಯಲು ನಾಲಿಗೆ ಏಳುವುದಿಲ್ಲ. ಪಿರಿಯಾಪಟ್ಟಣದ ಸೊಸೆ, ಎರಡು ವರ್ಷದ ಮಗನ ತಾಯಿ, ಎರಡನೆಯದಕ್ಕೆ ಐದು ತಿಂಗಳು. ಇಲ್ಲಿನ ಲೇಡಿ ಡಾಕ್ಟರಿಗೆ ತೋರಿಸಿಕೊಂಡು, ಬಸ್ಸಿಗೆ ಹೊತ್ತಿದೆ ಎಂದು ನಮ್ಮಲ್ಲಿಗೆ ಬಂದಳು. ಜಯ ಅವಳಿಗೆ ಊಟಕ್ಕೆ ಹಾಕಿ, ಹುಡುಗನಿಗೆ ತುಪ್ಪದನ್ನ ಕಲಸಿ ತಿನ್ನಿಸಿದಳು. ತಿನ್ನಿಸುತ್ತ ತಿನ್ನಿಸುತ್ತ, ತಲೆ ಎತ್ತದೆ, ಬಾಣಂತನ ಮುಗಿಯುವ ತನಕ ಮಗುವನ್ನು ನಮ್ಮ ಹತ್ತಿರ ಬಿಡು, ಆರು ತಿಂಗಳು ಅಷ್ಟೇ, ನಿನಗೂ ಸಲೀಸು ಎಂದಳು. ಎಷ್ಟು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳೋ, ಒಂದೇ ಉಸಿರಿಗೆ ಹೇಳಿದಳು.

ಸರೋಜ ಮಗನ ಬಾಯಿ ಒರೆಸಿದಳು. “ಬೇಡ ಚಿಕ್ಕವ್ವ,” ಎಂದಳು. “ನನ್ನನ್ನೂ ಒಂದು ತಿಂಗಳು ಅಂತಲೇ ಅಲ್ವಾ ಕಳಿಸಿದ್ದು.”

ಕೋಪದಿಂದ ಹೇಳಿದ್ದಲ್ಲ. ನನ್ನ ಹತ್ತಿರ ಚಿಲ್ಲರೆ ಇಲ್ಲ ಎನ್ನುವಷ್ಟು ಸಾಧಾರಣವಾಗಿ ಹೇಳಿದಳು. ಜಯಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆಮೇಲೆ ಅವಳು ತನ್ನ ಹಳೆಯ ಮಾತನ್ನು ಎತ್ತಿಕೊಂಡಳು. ಬೇಕೆಂದು ಕಳಿಸಿದ್ದಲ್ಲ ಕಣವ್ವ, ಗಾಡಿ ಮಾಡಿಸಿದ್ದೆವು, ಆ ಬಡಗಿ ಒಂದು ವಾರ ಮುಂಚೆ ಕೊಟ್ಟಿದ್ದರೆ ನೀನು ಈ ಮನೆ ಬಿಡುತ್ತಲೇ ಇರಲಿಲ್ಲ ಎಂದು ಹೇಳುತ್ತ ಅಳತೊಡಗಿದಳು. ಸರೋಜ, ಹೌದು ಗೊತ್ತು ಎನ್ನುವಂತೆ ತಲೆಯಾಡಿಸುತ್ತಿದ್ದಳು. ಇಷ್ಟು ವರ್ಷ ಸುಮ್ಮನೆ ಕೂತವನಿಗೆ ಅವತ್ತು ಕೂರಲಾಗಲಿಲ್ಲ. ಆ ತಲೆಯಾಡಿಸುವಿಕೆಯನ್ನು ನೋಡಲಾಗಲಿಲ್ಲ.

“ಅವರು ಕೊಟ್ಟಿದ್ರು ಜಯ,” ಎಂದೆ. “ಐದು ದಿನ ಮುಂಚೇನೇ ಕೊಟ್ಟಿದ್ರು. ನಾನೇ ತರ್ಲಿಲ್ಲ.”

ಎಲ್ಲ ಹೇಳಿದೆ. ಮಣೆಯ ಒಳಮಗ್ಗುಲು, ಮಂಕು ಜಾಗ, ಸಾಬರು ಬೇಡ ಎಂದದ್ದು, ನಾನು ದಿನಾ ಬೆರಳಿಟ್ಟು ನೋಡಿದ್ದು, ಮನೆಗೆ ಬಂದು ಸುಳ್ಳು ಹೇಳಿದ್ದು. ಮೊದಲು ಮಾತಾಡಿದವಳು ಸರೋಜ. ಹೋಗಲಿ ಬಿಡಿ ಚಿಕ್ಕಪ್ಪ, ಅಲ್ಲಿ ನನಗೇನು ಕಡಿಮೆಯಾಯಿತು, ಅಪ್ಪ ಅವ್ವ ರಾಣಿಯ ಹಾಗೆ ಸಾಕಿದರು ಎಂದಳು. ಸಮಾಧಾನ ಮಾಡಲೆಂದೇ ಹೇಳಿದ್ದು, ಒಳ್ಳೆಯ ಹುಡುಗಿ. ಜಯ ನನ್ನನ್ನೇ ನೋಡುತ್ತಿದ್ದಳು.

“ಒಂದು ಕೈ ವಾರ್ನಿಷಿಗಾ?” ಎಂದಳು.

ಹೌದು ಎಂದೆ.

ಅವಳು ಕೂಗಾಡಲಿಲ್ಲ. ಕೈ ತೊಳೆದುಕೊಂಡು ಬಂದಳು, ಸರೋಜಳ ತಲೆ ಬಾಚಿ ಹೂ ಮುಡಿಸಿದಳು, ಮಡಿಲಿಗೆ ಅಕ್ಕಿ ಬೆಲ್ಲ ತುಂಬಿದಳು. ಸರೋಜ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನ ತನಕ ನಾವಿಬ್ಬರೂ ಹೋಗುವುದು ವಾಡಿಕೆ. ನಾನು ಅಂಗಿ ಹಾಕಿಕೊಳ್ಳಲು ಎದ್ದೆ. ಜಯ, ನೀವು ಬರಬೇಡಿ ಎಂದಳು. ಹುಡುಗನನ್ನು ತಾನೇ ಕೈಹಿಡಿದು ನಡೆಸಿಕೊಂಡು ಹೊರಟಳು.

ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದಳು. ನಾನು ಜಗಲಿಯ ಮೇಲೇ ಇದ್ದೆ. ಅವಳು ಒಳಗೆ ಹೋಗಲಿಲ್ಲ, ನನ್ನಿಂದ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ಕೂತಳು. ಆಮೇಲೆ ಬೀದಿಯ ಕಡೆ ನೋಡುತ್ತ, “ಬಸ್ಸು ಹೊರಡೋ ಮುಂಚೆ ಅವಳ ಕೈ ಹಿಡ್ಕೊಂಡು ಕೇಳ್ದೆ,” ಎಂದಳು. “ಒಂದೇ ಒಂದು ಸಲ ನನ್ನ ಅವ್ವ ಅನ್ನು ಅಂತ.”

ಅಂದಳೋ ಇಲ್ಲವೋ ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ. ಕಾಯುತ್ತ ಕೂತೆ.

“ಅಂದ್ಲು,” ಎಂದಳು ಜಯ. “ನಗ್ತಾ ಅಂದ್ಲು ಕಣ್ರೀ, ಹಠ ಮಾಡೋ ಮಗೂಗೆ ಹೂಂ ಅನ್ನೋ ಹಾಗೆ.”